ಇವತ್ತು ಚಳಿ ಎಷ್ಟು, ಶಿರೀಷಾ?

"ಉಸುರು ಬಿಡ್ಬೇಡಿ!"

ಆ ಕೂಗು ಬಿದ್ದ ರಭಸಕ್ಕೆ ತಿರುಮಲೇಶ್ ನಿಂತಲ್ಲೇ ಮರಗಟ್ಟಿದ.

ಕಲ್ಯಾಣದುರ್ಗದ ಹೊರಗೆ, ಕಡಲೆಕಾಯಿ ಹೊಲಗಳ ನಡುವಿನ ಕೃಷಿ ಫಾರಂ ಅದು. ಅಂಗಳದ ಮಧ್ಯೆ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ. ಗಾಳಿಯಾಡಲಿ ಅಂತ ಸುತ್ತಲೂ ಪಟ್ಟಿ ಪಟ್ಟಿಯಾಗಿ ಸಂದು ಬಿಟ್ಟಿದ್ದರು. ಆ ಪೆಟ್ಟಿಗೆಯ ಬಾಗಿಲು ತೆಗೆದು, ಹಿಂದೂಪುರದಿಂದ ಬಂದ ಈ ಮಹಾರಾಯ ತಲೆಯನ್ನು ಕುತ್ತಿಗೆವರೆಗೂ ಒಳಗೆ ತೂರಿಸಿದ್ದ!

ಕೂಗಿದವಳು ಶಿರೀಷಾ. ಬಿಎಸ್ಸಿ ಮುಗಿಸಿ ಆ ಫಾರಂನಲ್ಲಿ ಹವಾಮಾನದ ಅಬ್ಸರ್ವರ್ ಆಗಿದ್ದ ಹುಡುಗಿ. ಬೆಳಗ್ಗೆಯಿಂದ ಅತ್ತು ಅತ್ತು ಅವಳ ಕಣ್ಣು ಕೆಂಪಾಗಿತ್ತು. ಈಗ ಸಿಟ್ಟಿಗೆ ಮೂಗೂ ಕೆಂಪಾಗಿತ್ತು.

"ನಿಮ್ಮುಸುರು ಬಿಸಿ ಅಲ್ವಾ ಸಾರ್? ಒಳಗಿರೋ ಥರ್ಮಾಮೀಟ್ರಿಗೆಲ್ಲ ತಾಕ್ಬುಡುತ್ತೆ. ಒಂದು ಒಡೆದಿರೋದು ಸಾಲ್ದಾ?"

ತಿರುಮಲೇಶ್ ಉಸಿರು ಕಟ್ಟಿದ. ಕಟ್ಟಿಕೊಂಡೇ ನಿಂತ. ಅವನ ಕೆಲಸವೆಲ್ಲ ಹಿಂದೂಪುರದ ಆಫೀಸಿನ ಕಂಪ್ಯೂಟರಿನಲ್ಲಿ. ಎರಡೂ ಊರಿನ ಅಂಕಿ ಜೋಡಿಸಿ ಗ್ರಾಫ್ ಎಳೆಯುವುದು. ಒಡೆದ ಥರ್ಮಾಮೀಟರಿನ ಬದಲಿಗೆ ಹೊಸದನ್ನು, ಬಸ್ಸಿನಲ್ಲಿ ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ತಂದಿದ್ದ.

ಶಿರೀಷಾ ಹೊಸ ಕೊಳವೆಯನ್ನು ಕೊಕ್ಕೆಗೆ ಕೂರಿಸಿದಳು. ಒರೆಸಿದಳು. ತಿರುಗಿ ನೋಡಿದರೆ... ಅವನ ಮುಖ ಹಣ್ಣು ಮೆಣಸಿನಕಾಯಿ!

"ಅಯ್ಯೋ ದೇವುಡಾ! ಸಾರ್, ಆಚೆ ಬಂದು ಬಿಡ್ಬೌದಲ್ವಾ!"

ಪೆಟ್ಟಿಗೆಯಿಂದ ದೂರ ಜಿಗಿದು ಅವನು ಬುಸ್ಸೆಂದು ಉಸಿರು ಬಿಟ್ಟ ಪರಿ ನೋಡಿ ಶಿರೀಷಾಗೆ ನಗು ತಡೆಯಲಾಗಲಿಲ್ಲ. ಅಳುತ್ತಿದ್ದ ಕಣ್ಣಲ್ಲೇ ನಕ್ಕಳು.

"ನೀವು ಹೇಳೋವರ್ಗೂ ಬಿಡಬಾರ್ದು ಅನ್ಕೊಂಡೆ," ಅಂದ ಅವನು ಏದುಸಿರಲ್ಲಿ.

*ಎಂಥಾ ಪೆದ್ದು!* ಅಂದುಕೊಂಡಳು. ಆದರೆ ಆ ಪೆದ್ದುತನ ಅವಳಿಗೆ ಯಾಕೋ ಇಷ್ಟವಾಯಿತು.

ದೂರದಲ್ಲಿ ಪೊರಕೆ ಹಿಡಿದು ನಿಂತಿದ್ದ ಮುನಿಯಕ್ಕ ಎಲ್ಲವನ್ನೂ ನೋಡುತ್ತಿದ್ದಳು. ಫಾರಂ ಗುಡಿಸುವವಳು, ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬಳೇ ಇರುವವಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲ. ಶಿರೀಷಾಳನ್ನು ಕಂಡರೆ ಪ್ರಾಣ. ದಿನಾ ಅವಳಿಗಾಗಿ ಮಂಡಕ್ಕಿ ನೆನೆಸಿ, ಒಗ್ಗರಣೆ ಹಾಕಿ ಉಗ್ಗಾಣಿ ಮಾಡಿ ಮುಚ್ಚಿಟ್ಟು ಕಾಯುತ್ತಿದ್ದಳು.

"ಆ ಗಾಜಿನ ಕಡ್ಡಿಗೋಸ್ಕರ ಅಷ್ಟೊಂದು ಅಳ್ತೀಯೇನವ್ವಾ?" ಅಂತ ಬೆಳಗ್ಗೆ ಕೇಳಿದ್ದಳು.

"ಒಂದು ದಿನಾನೂ ತಪ್ಪಿಸಿಲ್ಲ ಕಣಕ್ಕ. ಜ್ವರ ಬಂದಾಗ್ಲೂ ಬಂದು ಓದೀನಿ. ಈಗ ನೋಡು, ಚಳಿ ಶುರುವಾಯ್ತಿದ್ದಂಗೆ ಬಿರುಕು ಬಿಟ್ಬುಟ್ಟಿದೆ..." ಅಂತ ಶಿರೀಷಾ ಬಿಕ್ಕಿದ್ದಳು.

ಮುನಿಯಕ್ಕ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ನೀವೂ ಸ್ವಲ್ಪ ಇಟ್ಟುಕೊಂಡಿರಿ.

* * *

ಹೊಸ ಥರ್ಮಾಮೀಟರ್ ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ? ಅದಕ್ಕೇ ಕೆಲವು ದಿನ ಬೆಳಗ್ಗೆ ಎಂಟೂವರೆಗೆ ತಾನೇ ಫೋನ್ ಮಾಡುತ್ತೇನೆ ಅಂದಿದ್ದ ತಿರುಮಲೇಶ್.

ಕೆಲವು ದಿನ! ಕಾರ್ತಿಕ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿ ಬಂತು. ಆ ಫೋನ್ ಮಾತ್ರ ನಿಲ್ಲಲಿಲ್ಲ.

"ಇವತ್ತು ಚಳಿ ಎಷ್ಟು, ಶಿರೀಷಾ ಅವ್ರೇ?"

"ಹದಿನೇಳು ಪಾಯಿಂಟ್ ಎರಡು, ಸಾರ್."

"ಟಿಫನ್ ಆಯ್ತಾ?"

"ಮುನಿಯಕ್ಕನ ಉಗ್ಗಾಣಿ. ನಿಮ್ದು?"

"ಮಾರ್ಕೆಟ್ ರೋಡಲ್ಲಿ ನಿಂತಿದೀನಿ. ಹುಣಸೆಹಣ್ಣಿನ ವಾಸ್ನೆಗೇ ಹೊಟ್ಟೆ ತುಂಬೋಯ್ತು."

ಇಷ್ಟೇ. ಇಷ್ಟಕ್ಕೇ ಅವಳ ದಿನವೆಲ್ಲ ಹಗುರವಾಗಿರುತ್ತಿತ್ತು. ಬರುಬರುತ್ತಾ ಟಿಫನ್ನಿನ ಮಾತು ಉದ್ದವಾಗಿ ಚಳಿಯ ಮಾತು ಗಿಡ್ಡವಾಯಿತು.

ನಗಬೇಡಿ. ಪ್ರೀತಿ ಎಲ್ಲರಿಗೂ ಮಳೆಯಲ್ಲೋ ಮದುವೆಮನೆಯಲ್ಲೋ ಆಗಬೇಕು ಅಂತ ಎಲ್ಲಿದೆ? ಇವರಿಬ್ಬರಿಗೆ ಪಾಯಿಂಟ್ ಲೆಕ್ಕದಲ್ಲಿ ಆಯಿತು.

ಒಂದು ದಿನ ಅವಳು ಕೇಳಿದ್ದಳು, "ಎಲ್ಲಾರೂ ಮಧ್ಯಾನದ ಬಿಸಿಲನ್ನ ನೋಡ್ತಾರೆ. ನೀವ್ಯಾಕೆ ರಾತ್ರಿ ಚಳಿ ಹಿಂದೆ ಬಿದ್ದಿದೀರಿ?"

"ಬಿಸ್ಲು ಜೋರಾದ್ರೆ ಊರೆಲ್ಲಾ ಬೈತದೆ," ಅಂದ ಅವನು. "ರಾತ್ರಿ ಬೆಚ್ಚಗಾದ್ರೆ ಯಾರ್ಗೂ ಗೊತ್ತಾಗಲ್ಲ, ಎಲ್ಲಾರೂ ಮಲಗಿರ್ತಾರಲ್ಲ. ವರ್ಷಕ್ಕೆ ಒಂದು ಚೂರು, ಒಂದೇ ಚೂರು. ನಮ್ಮಜ್ಜಿ ಕಾಲದಲ್ಲಿ ಸಂಕ್ರಾಂತಿಗೆ ಬೆಂಕಿ ಮುಂದೆ ಕೂರ್ತಿದ್ರು. ಈಗ ನಮ್ಮನೇಲಿ ಸಂಕ್ರಾಂತಿಗೂ ಫ್ಯಾನು. ಯಾವತ್ತಿಂದ ಹಿಂಗಾಯ್ತು ಅಂತ ಕೇಳಿದ್ರೆ ಯಾರಿಗೂ ಹೇಳಕ್ಕಾಗಲ್ಲ."

*ನನಗೂ ಹಾಗೇ ಆಗಿದೆ...* ಅಂದುಕೊಂಡಳು ಶಿರೀಷಾ. ಯಾವತ್ತಿನಿಂದ ಅಂತ ಹೇಳಲಾರಳು. ಎಂಟೂವರೆ ಆಗುವ ಮೊದಲೇ ಎದೆ ಬಡಿದುಕೊಳ್ಳುತ್ತಿತ್ತು.

ಆ ಥರ್ಮಾಮೀಟರ್ ಒಂದು ವಿಚಿತ್ರ ವಸ್ತು. ಮಲಗಿಸಿಟ್ಟ ಗಾಜಿನ ಕೊಳವೆಯೊಳಗೆ ಒಂದು ಸಣ್ಣ ಕಪ್ಪು ಕಡ್ಡಿ. ರಾತ್ರಿ ಚಳಿ ಹೆಚ್ಚಿದಷ್ಟೂ ಅದು ಹಿಂದಕ್ಕೆ ಸರಿಯುತ್ತದೆ. ಬೆಳಗಾಗಿ ಬಿಸಿಲು ಬಂದರೂ ವಾಪಸ್ಸು ಬರುವುದಿಲ್ಲ. ಎಲ್ಲಿ ಅತಿ ಹೆಚ್ಚು ಚಳಿಯಾಗಿತ್ತೋ ಅಲ್ಲೇ ಕೂತಿರುತ್ತದೆ, ಯಾರಾದರೂ ಬಂದು ನೋಡುವವರೆಗೆ. ನೋಡಿ, ಬರೆದುಕೊಂಡು, ಕೊಳವೆಯನ್ನು ಮೆಲ್ಲಗೆ ವಾಲಿಸಿದರೆ ಕಡ್ಡಿ ಮತ್ತೆ ಜಾಗಕ್ಕೆ ಬರುತ್ತದೆ.

ಶಿರೀಷಾಳೂ ಕಾಯುತ್ತಿದ್ದಳು. ಅವನು ಒಂದು ಮಾತು ಹೇಳಲಿ ಅಂತ.

* * *

ಎರಡನೇ ಚಳಿಗಾಲ. ಹಿಂದೂಪುರದಲ್ಲಿ ಮೀಟಿಂಗ್.

ಅವನಿಗೆ ಇಷ್ಟವಾದ ನೇರಳೆ ಬಣ್ಣದ ಸೀರೆ ಉಟ್ಟು, ಮುನಿಯಕ್ಕ ಮುಡಿಸಿದ ಕನಕಾಂಬರ ಮುಡಿದು ಶಿರೀಷಾ ಬಸ್ಸಿಳಿದಳು. "ಮೀಟಿಂಗ್ ಮುಗಿದ್ಮೇಲೆ ನಿಮ್ಹತ್ರ ಒಂದು ಮಾತು ಹೇಳೋದಿದೆ" ಅಂತ ಹಿಂದಿನ ದಿನ ಫೋನಲ್ಲಿ ಅಂದಿದ್ದ ಅವನು. ಆ ಒಂದು ಮಾತು ಏನಿರಬಹುದು ಅಂತ ದಾರಿಯುದ್ದಕ್ಕೂ ಯೋಚಿಸಿ ಯೋಚಿಸಿ ಪೆನುಕೊಂಡ ದಾಟಿದ್ದೇ ತಿಳಿದಿರಲಿಲ್ಲ.

ಪರದೆಯ ಮೇಲೆ ಎರಡು ಗೆರೆ. ಹಿಂದೂಪುರದ್ದು ನೀಲಿ. ಚಳಿಗಾಲದಲ್ಲಿ ಇಳಿಯಬೇಕಾದ ಹಾಗೆ ಇಳಿದಿತ್ತು. ಕಲ್ಯಾಣದುರ್ಗದ್ದು ಕೆಂಪು. ಎರಡು ಚಳಿಗಾಲದಲ್ಲೂ ಸರಿಯಾಗಿ ಇಳಿದೇ ಇರಲಿಲ್ಲ. ಅದರ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಅನುಮಾನ.

ಆ ಗ್ರಾಫ್ ಎಳೆದವನು ತಿರುಮಲೇಶ್.

"ಹಿಂದೂಪುರದಲ್ಲಿ ಕಾಂಕ್ರೀಟ್ ಐತೆ, ರಾತ್ರಿ ಬೆಚ್ಚಗಿರ್ಬೇಕು," ಅಂದರು ಮೇಲಧಿಕಾರಿ. "ಕಲ್ಯಾಣದುರ್ಗದ್ದು ಬಯಲು. ಅಲ್ಲಿ ಚಳಿ ಜಾಸ್ತಿ ಇರ್ಬೇಕಲ್ಲವಾ? ಇದೇನು ಉಲ್ಟಾ?" ಆಮೇಲೆ ಶಿರೀಷಾ ಕಡೆ ನೋಡಿ ನಕ್ಕರು. "ಏಮ್ಮಾ, ಚಳೀಲಿ ಎದ್ದು ಬರಕ್ಕಾಗ್ದೆ, ದುಪ್ಪಟಿ ಹೊದ್ಕೊಂಡು ಮನೇಲೇ ಬರೀತೀಯೋ?"

ಎಲ್ಲರೂ ನಕ್ಕರು.

ಶಿರೀಷಾಗೆ ನೆಲ ಬಿರಿದ ಹಾಗಾಯಿತು. ಅವಳು ನೋಡಿದ್ದು ಒಬ್ಬನನ್ನೇ. *ಹೇಳಿ... ಅವಳು ಅಂಥೋಳಲ್ಲ ಅಂತ ಒಂದು ಮಾತು ಹೇಳಿ...*

ತಿರುಮಲೇಶ್ ತಲೆ ತಗ್ಗಿಸಿದ. ಬಾಯಿ ಬಿಡಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಅವನು ಹಿಂದೆ ಓಡಿಬಂದ. "ಶಿರೀಷಾ ಅವ್ರೇ, ನಿಲ್ಲಿ! ಆ ಪದ ಆಫೀಸಿನ ರೂಲು. ಲೆಕ್ಕ ತಪ್ಪಿದ್ರೆ ಹಂಗೇ ಬರೀಬೇಕು. ಅದು ಅಂಕಿ ಮೇಲಿನ ಅನುಮಾನ, ನಿಮ್ಮೇಲಲ್ಲ..."

"ಅಂಕಿ ಓದಿದ್ದು ಯಾರು ಸಾರ್? ನಾನಲ್ವಾ?"

"ನಿಮ್ಮ ಪರವಾಗಿ ಮಾತಾಡಕ್ಕೆ ನನ್ನತ್ರ ಪ್ರೂಫ್ ಏನೂ ಇರ್ಲಿಲ್ಲ..."

"ನನಗೆ ನಿಮ್ಮ ಪ್ರೂಫ್ ಬೇಕಾಗಿರ್ಲಿಲ್ಲ!" ಅವಳು ಸರಕ್ಕನೆ ಅವನತ್ತ ತಿರುಗಿದಳು. "ನಂಬ್ತೀನಿ ಅನ್ನೋ ಒಂದು ಮಾತು ಬೇಕಾಗಿತ್ತು. ದಿನಾ ಬೆಳಗ್ಗೆ ನನ್ನ ದನಿ ಕೇಳಿದೀರಿ. ಅದ್ರಲ್ಲಿ ಒಂದಿನಾದ್ರೂ ಸುಳ್ಳು ಕೇಳಿಸ್ತಾ?"

ಅವನು ಉತ್ತರ ಕೊಡುವಷ್ಟರಲ್ಲಿ ಅವಳು ಬಸ್ಸು ಹತ್ತಿಬಿಟ್ಟಿದ್ದಳು. ಕಿಟಕಿ ಪಕ್ಕ ಕೂತು ಮುಡಿದ ಕನಕಾಂಬರವನ್ನು ಕಿತ್ತು ಮಡಿಲಲ್ಲಿ ಹಾಕಿಕೊಂಡಳು. ಊರು ಬರುವವರೆಗೂ ಅತ್ತಳು.

ಮಾರನೇ ಬೆಳಗ್ಗೆ ಫೋನ್ ರಿಂಗಾಯಿತು. ತೆಗೆಯಲಿಲ್ಲ. ಬರಿ ಅಂಕಿಯನ್ನು ಮೆಸೇಜ್ ಮಾಡಿದಳು. ಒಂದು ಅಕ್ಷರವಿಲ್ಲ.

ಅವನಿಂದ ಉತ್ತರ ಬಂತು: "ಟಿಫನ್ ಆಯ್ತಾ?"

ಅವಳು ನೋಡಿದಳು. ಕಣ್ಣು ತುಂಬಿತು. ಉತ್ತರಿಸಲಿಲ್ಲ.

ದಿನಾ ಹಾಗೇ ನಡೆಯಿತು. ಅಂಕಿ ಹೋಗುತ್ತಿತ್ತು, "ಟಿಫನ್ ಆಯ್ತಾ?" ಬರುತ್ತಿತ್ತು. ಉಗ್ಗಾಣಿ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು.

"ಯಾಕವ್ವಾ, ಮೂರೊತ್ತೂ ಮುಖ ಊದಿಸ್ಕೊಂಡಿರ್ತೀಯ? ಆ ಉಸುರು ಕಟ್ಟಿದ ಹುಡುಗ ಏನಾರಾ ಅಂದ್ನಾ?" ಅಂತ ಮುನಿಯಕ್ಕ ಕೇಳಿದಳು.

"ಏನೂ ಅನ್ಲಿಲ್ಲ ಕಣಕ್ಕ. ಅದೇ ನೋವು."

* * *

ಧನುರ್ಮಾಸದ ಒಂದು ಬೆಳಗಿನ ಜಾವ. ಶಿರೀಷಾಳ ಫೋನ್ ಬಡಿದುಕೊಂಡಿತು. ಮುನಿಯಕ್ಕ!

"ಅವ್ವಾ, ಬಿರ್ರನೆ ಬಾ! ದೊಂಗನ್ನ ಹಿಡ್ದೀನಿ! ನಿನ್ನ ಪೆಟ್ಟಿಗೆ ಕದಿಯಕ್ಕೆ ಬಂದವ್ನೆ!"

ಶಿರೀಷಾ ಸ್ಕೂಟಿ ಹತ್ತಿ ಬಂದಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಅಂಗಳದಲ್ಲಿ ಕಂಡದ್ದೇನು? ಮುನಿಯಕ್ಕ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಒಬ್ಬನ ಕಾಲರ್ ಹಿಡಿದು ನಿಂತಿದ್ದಾಳೆ. ತಲೆಗೆ ಮಫ್ಲರ್ ಸುತ್ತಿದ ಆ ಕಳ್ಳ ಗಡಗಡ ನಡುಗುತ್ತಿದ್ದಾನೆ.

"ಎವುರ್ರಾ ನುವ್ವು? ಮಾತಾಡ್ಲಾ!"

"ಅಕ್ಕಾ, ನಾನು ಕಣಕ್ಕಾ... ಹಿಂದೂಪುರದೋನು..."

ಮಫ್ಲರ್ ಜಾರಿತು. ತಿರುಮಲೇಶ್!

ಶಿರೀಷಾಳ ಎದೆ ಒಂದು ಕ್ಷಣ ಕುಣಿಯಿತು. ಮರುಕ್ಷಣ ಉರಿಯಿತು.

"ಓ! ನಾನು ಬತ್ತೀನೋ ಇಲ್ಲೋ ಅಂತ ಕದ್ದು ನೋಡಕ್ಕೆ ಬಂದ್ರಾ? ನನ್ನ ಸುಳ್ಳು ಹಿಡಿಯಕ್ಕೆ?"

"ಇಲ್ಲ!" ಅವನ ದನಿ ಒಡೆಯಿತು. "ನೀವು ಸುಳ್ಳು ಹೇಳಲ್ಲ. ಅದೊಂದು ನಂಗೆ ಗೊತ್ತು. ಹಂಗಾದ್ರೆ ಅಂಕಿ ಯಾಕೆ ತಪ್ಪಾಯ್ತದೆ? ಹೊಸ ಥರ್ಮಾಮೀಟ್ರಿಂದ ಅಂತ ಅನುಮಾನ ಬಂತು. ತಂದೋನು ನಾನೇ ಅಲ್ವಾ. ಅದ್ರ ಜೊತೇದನ್ನ ಹಿಂದೂಪುರದಲ್ಲಿ ಐಸ್ ನೀರಲ್ಲಿಟ್ಟು ನೋಡ್ದೆ, ಸರಿಯಾಗೇ ಐತೆ. ಆಮೇಲೆ ಪೆಟ್ಟಿಗೆ ಪಕ್ಕ ಯಾರಾದ್ರೂ ಒಲೆ ಹಚ್ತಾರಾ, ನೀರು ಕಾಯಿಸ್ತಾರಾ ಅಂತ ಯೋಚ್ನೆ ಮಾಡ್ದೆ. ರಾತ್ರಿ ಅತಿ ಚಳಿ ಬರೋದು ಸೂರ್ಯ ಹುಟ್ಟೋ ಮುಂಚೆ. ಆ ಹೊತ್ನಲ್ಲಿ ಇಲ್ಲೇನು ನಡೀತದೆ ಅಂತ ನೋಡಕ್ಕೆ ಬಂದೆ. ನಿನ್ನೆ ಸಾಯಂಕಾಲಾನೇ ಬಂದು ಬಸ್ ಸ್ಟ್ಯಾಂಡ್ ಹತ್ರ ಲಾಡ್ಜಲ್ಲಿದ್ದೆ."

"ಏನು ಕಂಡ್ರಿ?" ಅವಳ ದನಿಯಲ್ಲಿ ಇನ್ನೂ ಬಿಗಿ ಇತ್ತು.

ಅವನು ಮೆಲ್ಲಗೆ ಪೆಟ್ಟಿಗೆಯ ಕಡೆ ಕೈ ತೋರಿಸಿದ.

ಶಿರೀಷಾ ತಿರುಗಿದಳು.

ಬಿಳಿ ಪೆಟ್ಟಿಗೆ ಕಾಣಲೇ ಇಲ್ಲ! ಅದರ ಮೇಲಿಂದ ಕೆಳಗಿನವರೆಗೂ ಒಂದು ದಪ್ಪ ಕರಿ ಕಂಬಳಿ. ಗಾಳಿಗೆ ಹಾರದ ಹಾಗೆ ಸುತ್ತಲೂ ಹಗ್ಗ ಬಿಗಿದು, ಮಗುವಿಗೆ ಕುಲಾವಿ ಕಟ್ಟಿದ ಹಾಗೆ ತುದಿಗೆ ಗಂಟು ಹಾಕಿತ್ತು.

"ಅಕ್ಕಾ... ಇದೇನಕ್ಕಾ?"

"ಕಂಬ್ಳಿ ಕಣವ್ವಾ," ಅಂದಳು ಮುನಿಯಕ್ಕ, ಇದರಲ್ಲೇನು ವಿಶೇಷ ಅನ್ನುವ ಹಾಗೆ. "ನೀನು ಸಾಯಂಕಾಲ ಹೋದ್ಮ್ಯಾಕೆ ಹೊದಿಸ್ತೀನಿ. ಬೆಳಕಾಯ್ತಿದ್ದಂಗೆ ತೆಗೀತೀನಿ."

"ಯಾವತ್ತಿಂದ?"

"ಹೋದ ವರ್ಸ ಆ ಗಾಜು ಚಳಿಗೆ ಒಡ್ದೋಯ್ತಲ್ಲ, ಅವತ್ತಿಂದ. ಚಳಿ ದಿನದಾಗೆ ಮಾತ್ರ. ನೀನು ಈ ಕಟ್ಟೆ ಮ್ಯಾಲೆ ಕುಂತು ಎಂಗೆ ಅಳ್ತಿದ್ದೆ! ನನ್ನ ಕರುಳು ಕಿತ್ತು ಬಂತು ಕಣಮ್ಮ. ಇನ್ನೊಂದು ಸಲ ಈ ಹುಡ್ಗಿ ಅಳಬಾರ್ದು ಅಂತ... ನಾನು ಹೊದಿತಿದ್ದ ಕಂಬ್ಳಿನೇ ತಂದು ಹೊದಿಸ್ದೆ."

"ನಿನಗೆ ಚಳಿ ಆಗಲ್ವೇನಕ್ಕಾ?"

"ನಂಗೆ ಸೀರೆ ಐತೆ. ಅದುಕ್ಕೇನೈತೆ ಪಾಪ, ಬರೀ ಗಾಜು."

ಶಿರೀಷಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಓಡಿಹೋಗಿ ಮುನಿಯಕ್ಕನನ್ನು ತಬ್ಬಿಕೊಂಡುಬಿಟ್ಟಳು.

ಮುನಿಯಕ್ಕನಿಗೆ ದಿಗಿಲಾಯಿತು. "ಯಾಕವ್ವಾ? ತಪ್ಪು ಮಾಡ್ಬುಟ್ನಾ?"

"ಆ ಪೆಟ್ಟಿಗೆಗೆ ಚಳಿ ಆಗ್ಬೇಕು ಕಣಕ್ಕಾ," ಅಂದ ತಿರುಮಲೇಶ್ ಮೃದುವಾಗಿ. "ಊರಿಗೆಷ್ಟು ಚಳಿಯೋ ಅದಕ್ಕೂ ಅಷ್ಟೇ ಆಗ್ಬೇಕು. ಆಗ್ಲೇ ಅದು ನಿಜ ಹೇಳೋದು."

"ಅಯ್ಯೋ ನನ್ನ ಮತಿಗೆ..." ಮುನಿಯಕ್ಕ ಹಣೆ ಚಚ್ಚಿಕೊಂಡಳು.

"ಬಿಡಕ್ಕಾ," ಅಂದಳು ಶಿರೀಷಾ ಕಣ್ಣೊರೆಸಿಕೊಳ್ಳುತ್ತಾ. "ನನ್ನ ಇಷ್ಟು ಜೋಪಾನ ಮಾಡೋರು ಇನ್ಯಾರಿದಾರೆ?"

ಹೇಳಿದ್ದು ಮುನಿಯಕ್ಕನಿಗೆ. ಆದರೆ ಚುಚ್ಚಿದ್ದು ತಿರುಮಲೇಶನಿಗೆ. ಅವನು ಜೇಬಿನಿಂದ ಫೋನ್ ತೆಗೆದ. ಅಷ್ಟು ಬೆಳಗ್ಗೆಯೇ ಅಧಿಕಾರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಕಂಬಳಿಯ ಕಥೆಯನ್ನೆಲ್ಲ ಹೇಳಿದ.

ಆ ಕಡೆಯಿಂದ ಒಂದು ಆಕಳಿಕೆ, ಆಮೇಲೆ ನಗು. "ಅಂತೂ ದುಪ್ಪಟಿ ಇತ್ತಲ್ಲಯ್ಯಾ!"

"ನಗಬೇಡಿ ಸಾರ್," ಅಂದ ತಿರುಮಲೇಶ್. ಫೋನನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದ. "ಅವತ್ತು ನೀವು ಅಂದಿದ್ದು ತಪ್ಪು. ಓದಿದೋರು ಸರಿಯಾಗೇ ಓದಿದಾರೆ. ಅವ್ರನ್ನ ಕ್ಷಮೆ ಕೇಳ್ಬೇಕು ನೀವು. ನಾನೂ ಕೇಳ್ಬೇಕು. ಎಲ್ಲಾರೂ ನಗೋವಾಗ ನಾನು ಸುಮ್ಮನಿದ್ದೆ. ಅವ್ರನ್ನ ಕಂಡ್ರೆ ನಂಗಿಷ್ಟ, ಅದಕ್ಕೇ ವಹಿಸ್ಕೊಂಡು ಮಾತಾಡ್ತಾನೆ ಅಂತ ಎಲ್ಲಿ ಅನ್ತಾರೋ ಅಂತ ಹೆದ್ರಿಬಿಟ್ಟೆ."

ಆ ಕಡೆ ನಗು ತಟ್ಟನೆ ನಿಂತಿತು.

ಈ ಕಡೆ ಶಿರೀಷಾಳ ಕೆನ್ನೆ ಕಾದ ಹೆಂಚಿನಂತಾಗಿತ್ತು. *ಏನಂದ? ನಂಗಿಷ್ಟ ಅಂದ್ನಾ? ಅದೂ ಸ್ಪೀಕರಲ್ಲಿ?!*

ಅಧಿಕಾರಿ ಕೆಮ್ಮಿದರು. "ಸಾರಿ ಅಮ್ಮಾ ಶಿರೀಷಾ. ಅವತ್ತು ನಾನು ಹಂಗೆ ಅನ್ನಬಾರ್ದಿತ್ತು. ಸರೇ, ಆ ಎರಡು ಚಳಿಗಾಲದ ಲೆಕ್ಕ ಏನ್ಮಾಡೋಣ?"

ತಿರುಮಲೇಶ್ ಅವಳ ಮುಖ ನೋಡಿದ. ಒಂದು ದಿನವೂ ತಪ್ಪಿಸದೆ ಓದಿದ ಲೆಕ್ಕ ಅದು. ಜ್ವರದಲ್ಲಿ ಓದಿದ್ದು, ಹಬ್ಬದ ದಿನ ಓದಿದ್ದು. ತೆಗೆದುಹಾಕಿ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

"ತೆಗೆದಾಕಿ ಸಾರ್," ಅಂದಳು ಶಿರೀಷಾ ತಾನೇ. "ಅದ್ರಲ್ಲಿರೋದು ಊರಿನ ಚಳಿ ಅಲ್ಲ. ಆದ್ರೆ ಅದಕ್ಕಿಂತ ಹಿಂದಿನ ವರ್ಷಗಳದ್ದು ಮುಟ್ಬೇಡಿ. ಆಗ ಕಂಬಳಿ ಇರ್ಲಿಲ್ಲ. ಆಗ್ಲೂ ನಮ್ಮೂರ ರಾತ್ರಿ ವರ್ಷದಿಂದ ವರ್ಷಕ್ಕೆ ಬೆಚ್ಚಗಾಗಿದೆ. ಅದು ನಿಜ."

"ಹೌದು ಸಾರ್, ಅದು ನಿಜ," ಅಂದ ತಿರುಮಲೇಶ್ ತಕ್ಷಣ. "ಅವ್ರು ಓದಿದ್ದನ್ನ ನಾನು ನಂಬ್ತೀನಿ."

ಇಷ್ಟು ದಿನ ಅವಳು ಕಾದಿದ್ದ ಮಾತು ಅದು. ತಡವಾಗಿ ಬಂತು, ಆದರೂ ಬಂತು. ಶಿರೀಷಾ ಮುಖ ತಿರುಗಿಸಿಕೊಂಡು ಸೆರಗಲ್ಲಿ ಕಣ್ಣೊತ್ತಿಕೊಂಡಳು.

* * *

ಕಂಬಳಿ ಇಲ್ಲದ ಮೊದಲ ರಾತ್ರಿಯ ಲೆಕ್ಕ ನೋಡಿಕೊಂಡೇ ಹೋಗುತ್ತೇನೆ ಅಂತ ತಿರುಮಲೇಶ್ ಆ ದಿನ ಅಲ್ಲೇ ಉಳಿದ. ಲೆಕ್ಕ ನೋಡಲು ಅಷ್ಟು ಕಾಯಬೇಕಿತ್ತಾ, ಫೋನಲ್ಲಿ ಕೇಳಬಹುದಿತ್ತಲ್ಲ ಅಂತೀರಾ? ನಿಮಗೆ ಗೊತ್ತಿರುವುದೇ ಮುನಿಯಕ್ಕನಿಗೂ ಗೊತ್ತಿತ್ತು. ಅವಳು ಮೂವರಿಗಾಗುವಷ್ಟು ಮಂಡಕ್ಕಿ ನೆನೆಹಾಕಿದಳು.

ಮಾರನೇ ಬೆಳಗ್ಗೆ ಎಂಟೂವರೆ. ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಇಬ್ಬರೂ ಪೆಟ್ಟಿಗೆಯ ಮುಂದೆ ನಿಂತರು.

"ಉಸುರು ಬಿಡ್ಬೇಡಿ," ಅಂದಳು ಶಿರೀಷಾ.

ಅವನು ಕಟ್ಟಿದ.

ಅವಳು ಬಾಗಿಲು ತೆಗೆದಳು. ಕಪ್ಪು ಕಡ್ಡಿ ಎಲ್ಲೋ ಹಿಂದೆ, ಎರಡು ಚಳಿಗಾಲದಲ್ಲಿ ಒಮ್ಮೆಯೂ ಹೋಗದಷ್ಟು ಹಿಂದೆ ಸರಿದು ಕೂತಿತ್ತು. ಬಗ್ಗಿ ನೋಡಿದಳು. ಬರೆದುಕೊಂಡಳು. ಕೊಳವೆಯನ್ನು ವಾಲಿಸಿ ಕಡ್ಡಿಯನ್ನು ಜಾಗಕ್ಕೆ ತಂದಳು. ಬಾಗಿಲು ಮುಚ್ಚಿದಳು. ಬೇಕೆಂದೇ ನಿಧಾನ ಮಾಡಿದಳು.

ಅವನ ಮುಖ ಮತ್ತೆ ಹಣ್ಣು ಮೆಣಸಿನಕಾಯಿ!

"ಅವತ್ತು ಮೀಟಿಂಗ್ ಆದ್ಮೇಲೆ ಏನೋ ಹೇಳೋದಿದೆ ಅಂದಿದ್ರಲ್ಲ?" ಅಂದಳು ಅವನ ಕಣ್ಣಲ್ಲೇ ಕಣ್ಣಿಟ್ಟು. "ಈಗ ಉಸುರು ಬಿಡ್ಬೌದು. ಆದ್ರೆ ಅದನ್ನ ಹೇಳ್ಕೊಂಡೇ ಬಿಡ್ಬೇಕು."

"ನನ್ನ ಮದ್ವೆ ಆಯ್ತೀರಾ?!"

ಒಂದೇ ಉಸಿರಿಗೆ ಬಂತು. ಕಟ್ಟೆಯ ಮೇಲಿದ್ದ ಗುಬ್ಬಿಗಳು ಪುರ್ರನೆ ಹಾರಿದವು.

ಶಿರೀಷಾ ನಾಚಿಕೆಗೋ ಚಳಿಗೋ, ನಡುಗುತ್ತಿದ್ದಳು. ಅವನೂ ನಡುಗುತ್ತಿದ್ದ.

ಹಿಂದಿನಿಂದ ಬಂದ ಮುನಿಯಕ್ಕ ಇಬ್ಬರ ಹೆಗಲ ಮೇಲೂ ಸೇರಿಸಿ ಆ ಕರಿ ಕಂಬಳಿ ಹೊದಿಸಿದಳು. "ಆ ಪೆಟ್ಟಿಗೆಗೆ ಬ್ಯಾಡ ಅಂದ್ರಲ್ಲ, ನೀವಾರಾ ಹೊದ್ಕಳ್ಳಿ. ಉಗ್ಗಾಣಿ ತತ್ತೀನಿ." ಹಿಂದಿರುಗಿ ನೋಡದೆ ಹೊರಟುಹೋದಳು.

ಕಂಬಳಿಯೊಳಗೆ ಅವಳ ಬೆರಳುಗಳು ಅವನ ಬೆರಳನ್ನು ಹುಡುಕಿ ಹಿಡಿದವು. ಅವನಿಗೆ ಉತ್ತರ ಸಿಕ್ಕಿತು.

ಬಹಳ ಹೊತ್ತಾದ ಮೇಲೆ ಅವನು ಮೆಲ್ಲಗೆ ಕೇಳಿದ. ಮೊದಲ ಸಲ, ಹೆಸರಿನ ಜೊತೆ "ಅವ್ರೇ" ಇರಲಿಲ್ಲ.

"ಇವತ್ತು ಚಳಿ ಎಷ್ಟು, ಶಿರೀಷಾ?"

ಅವಳು ಅವನ ಹೆಗಲಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿ ನಕ್ಕಳು.

"ಈಗ ಕೇಳ್ಬೇಡಿ ರೀ... ಕಂಬಳಿ ಒಳಗೆ ಓದಿದ್ದು ಲೆಕ್ಕಕ್ಕಿಲ್ಲ."